ಬೋರ್ಡಿಲ್ಲದ ವೆಲ್ಡಿಂಗ್ ಶಾಪ್‌ಗೆ ಐದಕ್ಕೆ ನಾಲ್ಕು ಅಂಕ

ಚಿತ್ರದುರ್ಗದ ಹೊಳಲ್ಕೆರೆ ರಸ್ತೆಯಲ್ಲಿರುವ ಈ ವೆಲ್ಡಿಂಗ್ ಶಾಪ್‌ಗೆ ಹೆಸರೂ ಇಲ್ಲ, ಬೋರ್ಡೂ ಇಲ್ಲ. ಗೇಟು, ಕಿಟಕಿ ಗ್ರಿಲ್, ಟ್ರಾಲಿ ರಿಪೇರಿ ಇವರ ಮಾಮೂಲಿ ಕೆಲಸ. ನಾನು ಮಾಡಿಸಿದ್ದು ಕಾಡಿನಲ್ಲಿ ಕ್ಯಾಮೆರಾ ಟ್ರ್ಯಾಪ್, ಅಂದರೆ ಪ್ರಾಣಿ ಎದುರಿಗೆ ಬಂದರೆ ತಾನೇ ಫೋಟೊ ತೆಗೆಯುವ ಕ್ಯಾಮೆರಾ, ಇಡುವ ಕಬ್ಬಿಣದ ಪೆಟ್ಟಿಗೆ. ಒಟ್ಟು 40. ಎರಡು ಮಳೆಗಾಲ ಕಳೆದ ಮೇಲೆ ಬರೆಯುತ್ತಿದ್ದೇನೆ, ಹಾಗಾಗಿ ಧೈರ್ಯವಾಗಿ ಹೇಳಬಹುದು.

ಕಾಡುಪ್ರಾಣಿಗಳ ಲೆಕ್ಕ ಇಡುವುದು ನನ್ನ ಕೆಲಸ. ಚಿತ್ರದುರ್ಗದ ಪಕ್ಕದ ಜೋಗಿಮಟ್ಟಿ ಕಾಡಿನ ಕಡೆ ಚಿರತೆ, ಕರಡಿ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ ಕೊಂಡುಕುರಿ ಅನ್ನುವ ಸಣ್ಣ ಹುಲ್ಲೆ. ಮದುವೆ ಮನೆಯಲ್ಲಿ ಸಿಕ್ಕ ನೆಂಟರು "ಕಾಡಲ್ಲಿ ಕೆಲ್ಸ, ಮಜಾ ಅಲ್ವಾ?" ಅಂತಾರೆ. ವರ್ಷದ ಅರ್ಧದಷ್ಟು ದಿನ ಕಂಪ್ಯೂಟರ್ ಮುಂದೆ ಕೂತು ಕುರಿ, ದನ, ಗಾಳಿಗೆ ಅಲ್ಲಾಡಿದ ಹುಲ್ಲು, ಸೌದೆ ಹೊತ್ತ ಅಜ್ಜಿ ಅಂತ ಫೋಟೊ ವಿಂಗಡಿಸುತ್ತಿರುತ್ತೇನೆ. ಅದನ್ನು ಯಾರಿಗೂ ಹೇಳಲು ಹೋಗುವುದಿಲ್ಲ.

ಮೊದಲೆಲ್ಲ ಕ್ಯಾಮೆರಾವನ್ನು ಮರಕ್ಕೆ ಬೆಲ್ಟಿನಲ್ಲಿ ಕಟ್ಟುತ್ತಿದ್ದೆವು. ಕುಡುಗೋಲಿನ ಒಂದೇಟು ಸಾಕು. ಒಂದೇ ಸೀಸನ್‌ನಲ್ಲಿ ಮೂರು ಕಳವಾದವು. ಕ್ಯಾಮೆರಾ ದುಡ್ಡು ಕೊಟ್ಟರೆ ಮತ್ತೆ ಬರುತ್ತದೆ, ಒಳಗಿದ್ದ ಮೆಮೊರಿ ಕಾರ್ಡಿನ 25 ರಾತ್ರಿ ಬರುವುದಿಲ್ಲ. ಹೊರಗಿನಿಂದ ತರಿಸುವ ರೆಡಿ ಪೆಟ್ಟಿಗೆಯ ಬೆಲೆ ಕೇಳಿ ಸುಮ್ನೆ ಫೋನ್ ಇಟ್ಟೆ.

ಇಲ್ಲಿಗೆ ಬಂದಾಗ ಯಜಮಾನ್ರು ಕೂಡಲೇ ಟೇಪ್ ಹಿಡಿಯಲಿಲ್ಲ. ಕ್ಯಾಮೆರಾ ತಿರುಗಿಸಿ ನೋಡಿ "ಇದ್ರ ಕಣ್ಣು ಯಾವ್ದು?" ಅಂದರು. ಮೂರು ಇವೆ ಅಂದೆ. ನಡುವೆ ಲೆನ್ಸ್. ಮೇಲೆ ರಾತ್ರಿಗೆ ಇನ್‌ಫ್ರಾರೆಡ್ ಬಲ್ಬುಗಳು. ಕೆಳಗೆ ಬಿಸಿ ಗುರುತಿಸುವ ಸೆನ್ಸರ್. ಸುತ್ತಲಿಗಿಂತ ಬಿಸಿ ಇರುವ ಮೈ ಎದುರಿಗೆ ಅಲ್ಲಾಡಿದರೆ ಕ್ಲಿಕ್ ಆಗುತ್ತದೆ.

"ಹಂಗಾದ್ರೆ ಏಪ್ರಿಲ್ ಮಧ್ಯಾಹ್ನ ನಮ್ ಬಂಡೆನೂ ಬಿಸಿ, ಪ್ರಾಣಿನೂ ಬಿಸಿ. ಆಗ?"

ಆಗ ತಪ್ಪಿಸಿಕೊಳ್ಳುತ್ತದೆ, ನಿಜ. ನಮ್ಮಲ್ಲಿಗೆ ಬರುವ ವಿದ್ಯಾರ್ಥಿಗಳಿಗೆ ಈ ಪ್ರಶ್ನೆ ಕೇಳಲು ಒಂದು ವಾರ ಬೇಕು. ನನ್ನ ನಂಬಿಕೆ ಅಲ್ಲೇ ಕೂತಿತು.

ನಾನು ಕೇಳಿದ್ದು 14 ಗೇಜ್ ಶೀಟ್. "ಬೆಟ್ಟ ಹತ್ತೋರು ನೀವಾ, ನಾನಾ?" ಅಂತ ಕೇಳಿ ಅದಕ್ಕಿಂತ ತೆಳುವಾದ 16 ಗೇಜಿಗೆ ಇಳಿಸಿದರು. ಈಗ ಒಂದು ಪೆಟ್ಟಿಗೆ ಸುಮಾರು ಒಂದೂವರೆ ಕೆಜಿ. ಬ್ಯಾಗಿನಲ್ಲಿ ನಾಲ್ಕು, ಜೊತೆಗೆ ನೀರು, ಬ್ಯಾಟರಿ, ಸರಪಳಿ. ಜೋಗಿಮಟ್ಟಿಯ ಬಂಡೆಗಳ ಮೇಲೆ ಇಷ್ಟು ಹೊತ್ತು ನಡೆದವರಿಗೆ ಆ ಇಳಿಸಿದ ತೂಕದ ಬೆಲೆ ಗೊತ್ತು. ಮರಕ್ಕೆ ಮೊಳೆ ಹೊಡೆಯಬಾರದು ಅಂದಿದ್ದಕ್ಕೆ ಹಿಂದೆ ಎರಡು ಕೊಂಡಿ ಹಾಕಿಕೊಟ್ಟರು. ಸರಪಳಿ ಸುತ್ತಿ ಬೀಗ ಹಾಕಿದರಾಯಿತು. ನೀರು ಇಳಿಯಲು ತಳದಲ್ಲಿ ತೂತು ಬೇಕು ಅಂತ ನನಗೆ ಹೊಳೆದೇ ಇರಲಿಲ್ಲ, ಅದು ಅವರದೇ ತಲೆ.

ಜೋಡಿ ಜೋಡಿಯಾಗಿ ಒಂದೇ ಅಳತೆ ಯಾಕೆ ಅಂತ ಅವರ ಹುಡುಗ ಕೇಳಿದ. ಚಿರತೆಯ ಎಡಗಡೆಯ ಚುಕ್ಕೆಯೇ ಬೇರೆ, ಬಲಗಡೆಯದೇ ಬೇರೆ. ದಾರಿಯ ಆಚೆ ಒಂದು, ಈಚೆ ಒಂದು ಕ್ಯಾಮೆರಾ ಇಟ್ಟರೆ ಎರಡೂ ಮೈ ಒಂದೇ ಪ್ರಾಣಿಯದು ಅಂತ ಖಾತ್ರಿ ಆಗುತ್ತದೆ. ಯಾವ ಚಿರತೆ ಎಷ್ಟು ಸಲ ಮತ್ತೆ ಸಿಕ್ಕಿತು ಅನ್ನುವುದರಿಂದ ಸಿಗದೇ ಉಳಿದವು ಎಷ್ಟಿರಬಹುದು ಅಂತ ಅಂದಾಜು. ಹೆಜ್ಜೆ ಗುರುತು ನೋಡಿ ಎಣಿಸುತ್ತಾರೆ ಅಂತ ಅವನು ಕೇಳಿದ್ದನಂತೆ. ಹುಲಿಗಳನ್ನು ಹಿಂದೆ ಹಾಗೇ ಎಣಿಸುತ್ತಿದ್ದರು. ನಾಲ್ಕು ವರ್ಷಕ್ಕೊಮ್ಮೆ ದೇಶದಾದ್ಯಂತ ನಡೆಯುವ ಹುಲಿ ಗಣತಿ 2006ರಿಂದ ಕ್ಯಾಮೆರಾ ದಾರಿ ಹಿಡಿಯಿತು. ಕರಡಿಗೆ ಈ ಉಪಾಯ ನಡೆಯಲ್ಲ, ಎಲ್ಲವೂ ಕರಿ ಕಂಬಳಿ ಹೊದ್ದ ಹಾಗೆ.

ರಂಗಯ್ಯನದುರ್ಗದ ಪೆಟ್ಟಿಗೆಗಳನ್ನು ಕೆಳಗೆ ಕಟ್ಟಬೇಕು. ಕೊಂಡುಕುರಿ ಹೆಗಲಿನ ಹತ್ತಿರ ಎರಡಡಿ ಬಂದರೆ ಹೆಚ್ಚು. ನಾಲ್ಕು ಕೊಂಬಿರುವ ಕಾಡುಪ್ರಾಣಿ ಅದೊಂದೇ, ಅದೂ ಗಂಡಿಗೆ ಮಾತ್ರ. ಅಲ್ಲಿ 2011ರಲ್ಲಿ ವನ್ಯಧಾಮ ಆಗಿದ್ದೇ ಅದರ ಸಲುವಾಗಿ. ಅದು ಮತ್ತೆ ಮತ್ತೆ ಒಂದೇ ಜಾಗಕ್ಕೆ ಬಂದು ಹಿಕ್ಕೆ ಹಾಕುತ್ತದೆ, ಆ ಗುಡ್ಡೆ ನೋಡಿಯೇ ನಾವು ಜಾಗ ಆರಿಸುವುದು ಅಂದೆ. ಯಜಮಾನ್ರು ಮುಖಕ್ಕೆ ಹಿಡಿದಿದ್ದ ಶೀಲ್ಡ್ ಇಳಿಸಿದರು. "ಅದ್ರ ಸಂಡಾಸ್ ಮುಂದೆ ಕ್ಯಾಮೆರಾನಾ ಮೇಡಂ? ಪಾಪ."

ಈಗ ಒಂದು ಅಂಕ ಯಾಕೆ ಕಳೆದೆ ಅನ್ನುವುದು. ಹತ್ತು ದಿನ ಅಂದವರು 26 ದಿನ ಮಾಡಿದರು. ಗೃಹಪ್ರವೇಶದ ಸೀಸನ್, ಎಲ್ಲರಿಗೂ ಗ್ರಿಲ್ ಅರ್ಜೆಂಟ್. ಎರಡನೆಯದು, ಮೊದಲ ಎಂಟು ಪೆಟ್ಟಿಗೆಗೆ ಚಂದ ಕಾಣಲಿ ಅಂತ ಒಳಗೂ ಹೊರಗೂ ಸಿಲ್ವರ್ ಪೇಂಟ್ ಹೊಡೆದಿದ್ದರು. ಕಾರ್ಡ್ ತೆಗೆದು ನೋಡಿದರೆ ರಾತ್ರಿಯ ಫೋಟೊ ಎಲ್ಲ ಮಜ್ಜಿಗೆ ಚೆಲ್ಲಿದ ಹಾಗೆ ಬಿಳಿ. ಪೆಟ್ಟಿಗೆಯ ಮುಂದೆ ಚಾಚಿದ ಸೂರಿಗೆ ಬಲ್ಬಿನ ಬೆಳಕು ಬಡಿದು ಲೆನ್ಸಿಗೇ ವಾಪಸ್ ಬರುತ್ತಿತ್ತು. ಒಂದು ಫೋಟೊದಲ್ಲಿ ಬಾಲ ಮಾತ್ರ ಇದೆ. ಚಿರತೆಯದೇ. ಯಾವ ಚಿರತೆ ಅಂತ ಗೊತ್ತಿಲ್ಲದಿದ್ದರೆ ನನಗೆ ಅದು ಲೆಕ್ಕಕ್ಕಿಲ್ಲ. ಹೊಟ್ಟೆ ಉರಿಯಿತು. ಆದರೆ ಹೊಳೆಯದ ಪೇಂಟ್ ಬೇಕು ಅಂತ ನಾನೂ ಹೇಳಿರಲಿಲ್ಲ. ಎಂಟನ್ನೂ ಉಜ್ಜಿ ಮಂಕು ಕಪ್ಪು ಬಳಿದುಕೊಟ್ಟರು, ಒಂದು ಪೈಸೆ ತೆಗೆದುಕೊಳ್ಳಲಿಲ್ಲ.

ಬಿಲ್ ವಿಷಯ. ಪೆಟ್ಟಿಗೆಗೆ 650 ರೂಪಾಯಿ, ಪೇಂಟ್ ಸೇರಿ. ಕೊಟ್ಟಿದ್ದು ಪಾಕೆಟ್ ನೋಟ್‌ಬುಕ್ ಹಾಳೆಯಲ್ಲಿ ಬರೆದ ಚೀಟಿ. ಪ್ರಾಜೆಕ್ಟಿನ ಲೆಕ್ಕದವರು ಅದನ್ನು ಎರಡು ಸಲ ವಾಪಸ್ ಕಳಿಸಿದರು. ಪಕ್ಕಾ ಬಿಲ್ ಬೇಕಿದ್ದವರು ಮೊದಲೇ ಮಾತಾಡಿಕೊಳ್ಳಿ. ಚಿರತೆ ಎಣಿಸಿದ್ದಕ್ಕಿಂತ ಜಾಸ್ತಿ ದಿನ ಆ ಚೀಟಿಯ ಹಿಂದೆ ಓಡಾಡಿದ್ದೇನೆ.

ಎರಡು ವರ್ಷದಲ್ಲಿ ಕಳವು ಒಂದೂ ಇಲ್ಲ. ಒಂದು ಬೀಗಕ್ಕೆ ಕಲ್ಲೇಟು ಬಿದ್ದ ಗುರುತಿದೆ, ತೆರೆದಿಲ್ಲ. ಒಂದು ಪೆಟ್ಟಿಗೆಯನ್ನು ಮಾತ್ರ ಕರಡಿ ಹಿಡಿದುಕೊಂಡಿತ್ತು. ಒಳಗೆ ಇರುವೆ ಗೂಡು ಮಾಡಿದ್ದವು, ಅದಕ್ಕೇ ಬಂದಿರಬೇಕು ಅಂತ ನನ್ನ ಊಹೆ. ಸೂರು ಮಡಚಿ, ಬಣ್ಣ ಕೆರೆದು ನಾಲ್ಕು ಗೆರೆ. ಕ್ಯಾಮೆರಾಗೆ ಏನೂ ಆಗಿಲ್ಲ. ಕೊನೆಯ 11 ಫೋಟೊದಲ್ಲಿ ಬರೀ ಮೂಗು.

ಅದನ್ನು ನೆಟ್ಟಗೆ ಮಾಡಲು ಕೊಟ್ಟಿದ್ದೆ. ಮಾಡಲಿಲ್ಲ. ಬದಲಿಗೆ ಹೊಸದೊಂದು ಕೊಟ್ಟು, ಇದನ್ನು ಅಂಗಡಿ ಮುಂದೆ ತಂತಿಯಲ್ಲಿ ನೇತುಹಾಕಿದ್ದಾರೆ. ಹುಡುಕಿಕೊಂಡು ಹೋಗುವವರು ಅದನ್ನೇ ನೋಡಿ. ಮಧ್ಯಾಹ್ನ ಒಂದೂವರೆಯಿಂದ ಮೂರರವರೆಗೆ ಊಟಕ್ಕೆ ಹೋಗಿರುತ್ತಾರೆ, ಆಗ ಹೋಗಬೇಡಿ.