ಉಡುಪಿ–ಮಂಗಳೂರು ಓಡಾಟಕ್ಕೆ ಪ್ಲಗ್-ಇನ್ ಹೈಬ್ರಿಡ್ಡೋ, ಪೂರ್ತಿ ವಿದ್ಯುತ್ ಕಾರೋ?

ಉಡುಪಿಯಲ್ಲಿ ಮನೆ, ಮಂಗಳೂರಿನಲ್ಲಿ ಕೆಲಸ. ಪರಿಸರಕ್ಕೆ ಯಾವ ಕಾರು ಹಗುರ ಎಂದು ಕೇಳಿದ್ದೀರಿ. ಕಾರಿಗಿಂತ ಮೊದಲು ದಾರಿ ನೋಡೋಣ. ಹೋಗಿ ಬರಲು 110 ಕಿ.ಮೀ. ದಾಟುತ್ತದೆ. ಪ್ಲಗ್-ಇನ್ ಹೈಬ್ರಿಡ್ ಎಂದರೆ ಪೆಟ್ರೋಲ್ ಎಂಜಿನ್ ಜೊತೆಗೆ ಪ್ಲಗ್ ಹಾಕಿ ಚಾರ್ಜ್ ಮಾಡುವ ಬ್ಯಾಟರಿಯೂ ಇರುವ ಕಾರು; ಇವು ಒಂದು ಚಾರ್ಜಿಗೆ ಬರೀ ವಿದ್ಯುತ್ತಿನಲ್ಲಿ ಸಾಮಾನ್ಯವಾಗಿ 40ರಿಂದ 80 ಕಿ.ಮೀ. ಓಡುತ್ತವೆ. ಕಚೇರಿಯಲ್ಲಿ ಮತ್ತೆ ಚಾರ್ಜ್ ಮಾಡದಿದ್ದರೆ ಮರಳುವಾಗ ಮೂಲ್ಕಿ ದಾಟುವಷ್ಟರಲ್ಲಿ ಪೆಟ್ರೋಲ್ ಎಂಜಿನ್ ಎದ್ದಿರುತ್ತದೆ, ಅದೂ ಬರಿದಾದ ಬ್ಯಾಟರಿಯ ಭಾರ ಹೊತ್ತುಕೊಂಡು! ಯುರೋಪಿಯನ್ ಆಯೋಗದ 2024ರ ವರದಿಯಂತೆ, ರಸ್ತೆಯಲ್ಲಿ ಇವು ಉಗುಳುವ ಇಂಗಾಲದ ಡೈಆಕ್ಸೈಡ್ ಪ್ರಯೋಗಾಲಯದ ಲೆಕ್ಕಕ್ಕಿಂತ ಸರಾಸರಿ ಮೂರೂವರೆ ಪಟ್ಟು. ಜನ ಅಂದುಕೊಂಡಷ್ಟು ಚಾರ್ಜ್ ಮಾಡುವುದಿಲ್ಲ, ಅಷ್ಟೇ.

ಹಾಗೆಂದು ವಿದ್ಯುತ್ ಪೂರ್ತಿ ಮಡಿಯಲ್ಲಿ ಹುಟ್ಟುವುದೂ ಇಲ್ಲ. ಪಡುಬಿದ್ರಿ ಪಕ್ಕದ ಎಲ್ಲೂರಿನಲ್ಲಿ 1200 ಮೆಗಾವಾಟ್‌ನ ಕಲ್ಲಿದ್ದಲು ಸ್ಥಾವರವಿದೆ. ಆದರೆ ಅದೇ ಜಾಲಕ್ಕೆ ಶರಾವತಿಯ ನೀರು, ಪಾವಗಡದ ಬಿಸಿಲು ಕೂಡ ಸೇರುತ್ತವೆ. ಮನೆಯಲ್ಲೇ ಚಾರ್ಜ್ ಮಾಡಬಲ್ಲಿರಾದರೆ ನಿಮ್ಮ ಈ ದಿನದ ಓಟಕ್ಕೆ ಪೂರ್ತಿ ವಿದ್ಯುತ್ ಕಾರೇ ಸರಿ ಎಂದು ನನಗನಿಸುತ್ತದೆ.

ಬ್ಯಾಟರಿ ತಯಾರಿಕೆಯ ಹೊರೆಯಲ್ಲಿ ಮಾತ್ರ ಪ್ಲಗ್-ಇನ್ ಗೆಲ್ಲುತ್ತದೆ: ಅದರ ಬ್ಯಾಟರಿ ಬಹುಮಟ್ಟಿಗೆ 10–20 ಯೂನಿಟ್ ವಿದ್ಯುತ್ ಹಿಡಿಯುವಂಥದ್ದು, ಅನೇಕ ವಿದ್ಯುತ್ ಕಾರುಗಳದು 40ಕ್ಕೂ ಮೇಲೆ. ಮಣಿಪಾಲ–ಉಡುಪಿ ನಡುವೆಯೇ ಓಡಾಡಿ, ಆಗೀಗ ಶಿರಾಡಿ ಹತ್ತಿ ಬೆಂಗಳೂರಿಗೆ ಹೋಗುವವರಿಗೆ ಪ್ಲಗ್-ಇನ್ ಒಪ್ಪುತ್ತದೆ. ಬೆಲೆ ಮಾತ್ರ ನಮ್ಮಲ್ಲಿ ಇನ್ನೂ ಕೈಗೆಟುಕುವಂತಿಲ್ಲ.

ಫ್ಲ್ಯಾಟಿನ ಪಾರ್ಕಿಂಗ್‌ನಲ್ಲಿ ಒಂದು ಪ್ಲಗ್ ಪಾಯಿಂಟ್ ಹಾಕಿಸಲೂ ಸಂಘದವರು ಒಪ್ಪದಿದ್ದರೆ? ಆಗ ತಂತಿಯ ಗೊಡವೆಯಿಲ್ಲದ, ಓಡುತ್ತಲೇ ಬ್ಯಾಟರಿ ತುಂಬಿಕೊಳ್ಳುವ ಸಾಮಾನ್ಯ ಹೈಬ್ರಿಡ್ ಕೊಳ್ಳಿ.