ಸರ್ಜನ್‌ರ ಸಂಶೋಧನೆ ನೋಡಲು ಪಬ್‌ಮೆಡ್ ಒಳ್ಳೆಯದಾ, ಗೂಗಲ್ ಸ್ಕಾಲರ್ರಾ?

ಎಸಿಎಲ್ (ಮೊಣಕಾಲಿನ ಒಳಗಿನ ಒಂದು ಲಿಗಮೆಂಟ್) ಆಪರೇಷನ್‌ಗೆ ಮೊದಲು ಸರ್ಜನ್ ಬರೆದ ಪ್ರಬಂಧಗಳನ್ನು ಹುಡುಕುವವರಿಗೆ ಎರಡು ದಾರಿ ಇವೆ. ಎರಡೂ ಪುಕ್ಕಟೆ.

2004ರಲ್ಲಿ ಬಂದ ಗೂಗಲ್ ಸ್ಕಾಲರ್ ಎಲ್ಲವನ್ನೂ ಬಾಚಿಕೊಳ್ಳುತ್ತದೆ. ಪುಸ್ತಕದ ಅಧ್ಯಾಯ, ಥೀಸಿಸ್, ಸಮ್ಮೇಳನದ ಸಾರಾಂಶ ಯಾವುದನ್ನೂ ಬಿಡುವುದಿಲ್ಲ. ಪ್ರೊಫೈಲ್ ಇದ್ದರೆ ಎಚ್-ಇಂಡೆಕ್ಸ್ ಕೂಡ ಸಿಗುತ್ತದೆ. ಅದು 20 ಅಂದರೆ, 20 ಲೇಖನಗಳನ್ನು ತಲಾ 20 ಸಲವಾದರೂ ಬೇರೆ ಲೇಖನಗಳು ಉಲ್ಲೇಖಿಸಿವೆ. ಹಿರಿಯರಿಗೆ ಈ ಅಂಕಿ ಸಹಜವಾಗಿ ಜಾಸ್ತಿ. ಕಿರಿಯರನ್ನು ಇದರಿಂದ ಅಳೆಯುವುದು ಅನ್ಯಾಯ ಅಲ್ವಾ? ಜೊತೆಗೆ ಅದೇ ಹೆಸರಿನ ಬೇರೆಯವರ ಲೇಖನವೂ ಒಳಗೆ ನುಸುಳಿರಬಹುದು.

ಪಬ್‌ಮೆಡ್ ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ ನಡೆಸುವ, ವೈದ್ಯಕೀಯ ಲೇಖನಗಳನ್ನು ಹುಡುಕುವ ತಾಣ. ಇಲ್ಲಿ ಎಚ್-ಇಂಡೆಕ್ಸ್ ಇಲ್ಲ. ಆದರೆ ಫಿಲ್ಟರ್ ಇದೆ, ಅದೇ ನನಗೆ ಇಷ್ಟ. ಒಬ್ಬಿಬ್ಬರು ರೋಗಿಗಳ ಕೇಸ್ ರಿಪೋರ್ಟ್ ಯಾವುದು, ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಗುಂಪು ಮಾಡಿ ಚಿಕಿತ್ಸೆಗಳನ್ನು ಹೋಲಿಸುವ ರ‍್ಯಾಂಡಮೈಸ್ಡ್ ಟ್ರಯಲ್ ಯಾವುದು ಅಂತ ಬೇರೆ ಮಾಡಬಹುದು. ಐವತ್ತು ಕೇಸ್ ರಿಪೋರ್ಟ್‌ಗಿಂತ ಒಂದು ಒಳ್ಳೆಯ ಟ್ರಯಲ್ ಹೆಚ್ಚು ಹೇಳುತ್ತದೆ. ಹಿಂತೆಗೆದುಕೊಂಡ ಲೇಖನಕ್ಕೆ ಎದ್ದು ಕಾಣುವ ಗುರುತೂ ಇರುತ್ತದೆ.

ರೋಗಿಗಳಿಗೆ ಪಬ್‌ಮೆಡ್ ಸಾಕು. ಪಟ್ಟಿ ಉದ್ದವಿದ್ದರೆ ಕೈಚಳಕವೂ ಇದೆ ಅಂತಲ್ಲ, ಅದು ಬೇರೆ ಮಾತು. ಗೈಡ್ ಹುಡುಕುವ ಆರ್ಥೋ ಪಿಜಿ ವಿದ್ಯಾರ್ಥಿಗೆ ಸ್ಕಾಲರ್ ವಾಸಿ.