ತಲೆಬುರುಡೆ ಮಾಡೆಲ್: ಹಿಡಿಸೂಡಿ ಕಡ್ಡಿ ಹಾಕಿ ನೋಡದೆ ಕೊಳ್ಳಬೇಡಿ

ಫಸ್ಟ್ ಇಯರ್ ಅನಾಟಮಿಗೆ ಅಂತ ಮಂಗಳೂರಲ್ಲೇ ಒಂದು ಅಂಗಡಿಯಲ್ಲಿ 1,900 ರೂಪಾಯಿ ಕೊಟ್ಟು ಪ್ಲಾಸ್ಟಿಕ್ ತಲೆಬುರುಡೆ ತಂದೆ. ಅಂಗಡಿ ಹೆಸರು ಬೇಡ ಬಿಡಿ. ಮಳೆ ಅಂತ ಕವರ್ ಬಿಚ್ಚಿ ಪುಸ್ತಕಕ್ಕೆ ಸುತ್ತಿದೆ, ಬುರುಡೆ ಹಾಗೇ ಮಡಿಲಲ್ಲಿ. ಬಸ್ಸಿನಲ್ಲಿ ಪಕ್ಕದ ಅಜ್ಜಿ ಸೀಟೇ ಬದಲಿಸಿದರು.

ಹೊರಗಿನಿಂದ ಚೆನ್ನಾಗಿದೆ. ಹಲ್ಲು, ಕೆನ್ನೆಯ ಮೂಳೆ, ಮೂಳೆಗಳು ಸೇರುವ ಸೂಚರ್ ಗೆರೆ ಎಲ್ಲ ಸ್ಪಷ್ಟ. ಆದರೆ ವೈವಾದಲ್ಲಿ (ಮೌಖಿಕ ಪರೀಕ್ಷೆ) ಮೇಲಿನ ಮುಚ್ಚಳ ತೆಗೆದು ಒಳಗೆ ತೋರಿಸಿ ಕೇಳುತ್ತಾರೆ ಅಲ್ವಾ, ನನಗೆ ಬೇಕಿದ್ದದ್ದು ಅದು.

ಒಳಗೆ ಮೆದುಳು ಕೂರುವ ಮೂರು ತಗ್ಗುಗಳ, ಅಂದರೆ ಫಾಸಾಗಳ, ಎತ್ತರ ಸರಿಯಾಗಿ ಬಂದಿದೆ. ನಮ್ಮ ಹಳೇ ಮನೆಗಳಲ್ಲಿ ಚಾವಡಿಯಿಂದ ಜಗಲಿಗೆ, ಜಗಲಿಯಿಂದ ಅಂಗಳಕ್ಕೆ ಇಳಿದ ಹಾಗೆ, ಮುಂದಿನದು ಎತ್ತರ, ನಡುವಿನದು ಕೆಳಗೆ, ಹಿಂದಿನದು ಇನ್ನೂ ಕೆಳಗೆ. ಪಿಟ್ಯುಟರಿ ಗ್ರಂಥಿ ಕೂರುವ ಗುಳಿ ಸೆಲ್ಲಾ ಟರ್ಸಿಕಾ ಬೆರಳಿಗೆ ಸಿಗುತ್ತದೆ. ಪಕ್ಕದ ಗೋಡೆಯಲ್ಲಿ ಮೆದುಳಿನ ಹೊದಿಕೆಗೆ ರಕ್ತ ಒಯ್ಯುವ ಮಿಡಲ್ ಮೆನಿಂಜಿಯಲ್ ಆರ್ಟರಿಯ ಗೀರು ಕೂಡ ಇದೆ. ಅದನ್ನು ನೋಡಿ ಖುಷಿಯಾಯಿತು.

ತೊಂದರೆ ನರ, ರಕ್ತನಾಳ ಹಾಯುವ ತೂತುಗಳದ್ದು (ಫೋರಾಮೆನ್). ಹಿಡಿಸೂಡಿ ಕಡ್ಡಿ ತಂದು ಒಂದೊಂದಕ್ಕೂ ಹಾಕಿ ನೋಡಿದೆ. ನಡುವಿನ ಫಾಸಾದ ಓವೇಲ್ ಅನ್ನುವ ತೂತು ಸರಿ, ಕಡ್ಡಿ ಕೆಳಗೆ ಬಂತು. ಅದರ ಹಿಂದೆ ಹೊರಗಡೆಗಿರುವ ಸ್ಪೈನೋಸಮ್ ಬರೀ ಕಪ್ಪು ಚುಕ್ಕೆ. ಆರ್ಟರಿಯ ಗೀರು ಇಟ್ಟವರು ಆ ಆರ್ಟರಿ ಒಳಗೆ ಬರುವ ಬಾಗಿಲನ್ನೇ ಮರೆತಿದ್ದಾರೆ! ರೋಟಂಡಮ್ ತೂತಿನ ಕಥೆ ಇನ್ನೂ ಹಾಳು. ಅದು ಮುಂದಕ್ಕೆ ಹೋಗಿ ಮೇಲ್ದವಡೆಯ ಹಿಂದಿರುವ ಟೆರಿಗೋಪ್ಯಾಲಟೈನ್ ಫಾಸಾದಲ್ಲಿ ತೆರೆಯಬೇಕು, ಬುರುಡೆ ಮಗುಚಿ ಹಾಕಿದರೆ ಕೆಳಗಿನಿಂದ ಕಾಣಲೇಬಾರದು. ಇವರು ನೇರ ಕೆಳಕ್ಕೆ ಡ್ರಿಲ್ ಹೊಡೆದಿದ್ದಾರೆ. ಇದನ್ನೇ ನಂಬಿ ವೈವಾಕ್ಕೆ ಹೋದರೆ ಇದರಲ್ಲಿ ಹಾಯುವ ಮ್ಯಾಕ್ಸಿಲರಿ (ಮೇಲ್ದವಡೆಯ) ನರದ ದಾರಿ ಪೂರ್ತಿ ತಪ್ಪು ಹೇಳುತ್ತೀರಿ. ಲ್ಯಾಸೆರಮ್ ತೂತನ್ನು ಮುಚ್ಚಿಯೇ ಬಿಟ್ಟಿದ್ದಾರೆ. ಬದುಕಿದ್ದಾಗ ಅದರ ತಳದಲ್ಲಿ ಕಾರ್ಟಿಲೇಜ್ (ಮೃದ್ವಸ್ಥಿ) ಇರುತ್ತದೆ, ಅದಕ್ಕೇ ಮುಚ್ಚಿದ್ದು ಅಂತ ಸಮಾಧಾನ ಮಾಡಿಕೊಳ್ಳೋಣವಾ?

ಮುಂದಿನ ಫಾಸಾದ ಕ್ರಿಬ್ರಿಫಾರ್ಮ್ ಪ್ಲೇಟ್ ಜರಡಿಯಂತಿರಬೇಕು, ವಾಸನೆಯ ನರಗಳು ಇಳಿಯುವ ಜಾಗ. ಬೈಕ್ ಅಪಘಾತದಲ್ಲಿ ಇದು ಒಡೆದಾಗ ಮೂಗಿನಿಂದ ನೀರಿನಂತೆ ಮೆದುಳಿನ ದ್ರವ ಸೋರುವುದುಂಟು. ಅಷ್ಟು ತೆಳುವಾದ ಜಾಗವನ್ನು ಇವರು ದಪ್ಪ ಪ್ಲಾಸ್ಟಿಕ್‌ನಲ್ಲಿ ಮಾಡಿ ಸುಮ್ನೆ ಗುಳಿ ಒತ್ತಿದ್ದಾರೆ.

ಹಿಂದಿನ ಫಾಸಾಗೆ ಮಾತ್ರ ಪೂರ್ತಿ ಮಾರ್ಕ್. ಬೆನ್ನುಹುರಿಯ ದೊಡ್ಡ ತೂತು ಫೋರಾಮೆನ್ ಮ್ಯಾಗ್ನಮ್ ಇರಲಿ, ಅದನ್ನು ಯಾರೂ ತಪ್ಪಿಸಲ್ಲ. ಮೆದುಳಿನ 7, 8ನೇ ನರ ಹೋಗುವ ಇಂಟರ್ನಲ್ ಅಕೌಸ್ಟಿಕ್ ಮಿಯೇಟಸ್ ಆಳವಾಗಿದೆ, 12ನೇ ನರದ ಹೈಪೋಗ್ಲಾಸಲ್ ಕಾಲುವೆಗೂ ಕಡ್ಡಿ ಹೋಗುತ್ತದೆ. ಕುತ್ತಿಗೆಗೆ ಇಳಿಯುವ ಜುಗುಲರ್ ರಕ್ತನಾಳದ ತೂತು, ಜುಗುಲರ್ ಫೋರಾಮೆನ್, ಎಡಕ್ಕಿಂತ ಬಲಗಡೆ ದೊಡ್ಡದಿದೆ, ಹೆಚ್ಚಿನವರಲ್ಲಿ ಹಾಗೇ ಇರುವುದು. ಅಚ್ಚು ನಿಜವಾದ ಮೂಳೆಯಿಂದಲೇ ತೆಗೆದಿರಬೇಕು, ಆಮೇಲೆ ಯಾರೋ ಅವಸರದಲ್ಲಿ ಡ್ರಿಲ್ ಹಿಡಿದಿದ್ದಾರೆ.

ದವಡೆಯ ಸ್ಪ್ರಿಂಗ್ ಎರಡನೇ ವಾರಕ್ಕೇ ಕಿತ್ತು ಬಂತು. ಅಂಗಡಿಯಲ್ಲಿ ಕೇಳಿದರೆ "ನೀವು ಜಾಸ್ತಿ ಬಾಯಿ ತೆಗೆಸಿದ್ದೀರಿ" ಅಂದರು. ಈಗ ರಬ್ಬರ್ ಬ್ಯಾಂಡ್ ಹಾಕಿದ್ದೇನೆ.

ಡೆಂಟಲ್‌ನವರಿಗೆ ಹಲ್ಲು, ದವಡೆ ಸಾಕು ಅಂದರೆ ತೆಗೆದುಕೊಳ್ಳಬಹುದು. ಸ್ಕಲ್ ಬೇಸ್ (ಬುರುಡೆಯ ತಳ) ಕಲಿಯುವವರು ಈ ದುಡ್ಡಲ್ಲಿ ಸೀನಿಯರ್ ಹತ್ತಿರ ಹಳೇ ಒಳ್ಳೆ ಮಾಡೆಲ್ ಕೇಳಿ. ಒಂದು ರಜೆಯ ದಿನ ಮಣಿಪಾಲದ ಅನಾಟಮಿ ಮ್ಯೂಸಿಯಂಗೂ ಹೋಗಿ ಬನ್ನಿ. 5ಕ್ಕೆ 2 ಸ್ಟಾರ್, ಅದೂ ಹಿಂದಿನ ಫಾಸಾಗೆ.